ಸುಲ್ತಾನ್‌ಪೇಟೆಯ ಅಕ್ಕನಿಗೆ, ಮತ್ತು ಉಳಿದವರಿಗೂ

ಡಿಸೈನ್ ಕೋರ್ಸಿನ ಜ್ಯೂರಿ, ಅಂದರೆ ಕೊನೆಯ ಮೌಲ್ಯಮಾಪನ, ಮುಗಿದು 11 ದಿನ ಆಯ್ತು. ಪಾಸಾಗಿದ್ದೇನೆ. ಬಸವನಗುಡಿಯ ಒಂದು ಚಿಕ್ಕ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿದೆ, ಮುಂದಿನ ಒಂದನೇ ತಾರೀಕಿನಿಂದ ಹೋಗಬೇಕು. ಫೋನ್ ಮಾಡಿದವರಿಗೆಲ್ಲ "ಹೂಂ, ಎಲ್ಲಾ ಚೆನ್ನಾಗಾಯ್ತು" ಅಂದು ಇಟ್ಟುಬಿಟ್ಟಿದ್ದೆ. ಅಷ್ಟು ಹೇಳಿ ಸುಮ್ಮನಾಗುವ ವಿಷಯ ಅಲ್ಲ ಇದು. ಪ್ಲಾಸ್ಟರ್ ಬಿಚ್ಚಿದ್ದಾರೆ. ಬಲಗೈಯಲ್ಲೇ ಬರೆಯುತ್ತಿದ್ದೇನೆ, ನಿಧಾನಕ್ಕೆ.

ಕೈ ಮುರಿದ ಕಥೆ, ಲ್ಯಾಪ್‌ಟಾಪ್ ಸತ್ತ ಕಥೆ ನಿಮಗೆಲ್ಲ ಗೊತ್ತು. ಕೇಳಿ ಕೇಳಿ ಸಾಕಾಗಿರಬೇಕು. ಅದನ್ನು ಬಿಡುತ್ತೇನೆ.

ಮೊದಲು ಎಲ್ಲರನ್ನೂ ಒಟ್ಟಿಗೆ ನೆನೆದುಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಆರು ವಾರ ನನ್ನ ಜಡೆ ಹಾಕಿದ ಪಿಜಿಯ ಇಬ್ಬರು ಹುಡುಗಿಯರು, ಡೆಡ್‌ಲೈನ್ ಎರಡು ಸಲ ಮುಂದೆ ಹಾಕಿದ ಗೈಡ್ ಮೇಡಂ, ತಿಪಟೂರಿನಿಂದ ಕೊಬ್ಬರಿ ಮಿಠಾಯಿ ಕಳಿಸುತ್ತಲೇ ಇದ್ದ ಅಮ್ಮ, ದುಡ್ಡು ಹಾಕಿ "ಎಷ್ಟು ಬೇಕು" ಅಂತ ಕೇಳದೆ "ಊಟ ಆಯ್ತಾ" ಅಂತ ಮಾತ್ರ ಕೇಳಿದ ಅಪ್ಪ: ನಿಮಗೆಲ್ಲ ನಮಸ್ಕಾರ. ಫೋಟೋ ತೆಗೆದುಕೊಟ್ಟ ಜೂನಿಯರ್‌ಗಳಿಗೆ ಮಸಾಲೆ ದೋಸೆ ಬಾಕಿ ಇದೆ, ಮರೆತಿಲ್ಲ.

ನಮ್ಮ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯವರನ್ನು ಬೇರೆಯಾಗಿ ಹೇಳಬೇಕು. ಬೋರ್ಡ್‌ಗಳ ಪ್ರಾಜೆಕ್ಟಿಗೆ ಅಲ್ಲಿ ಮೂರು ದಿನ ಸುಮ್ನೆ ಬೆಂಚಿನ ಮೇಲೆ ಕೂತಿದ್ದೆ. "ಹೊರರೋಗಿ ನೋಂದಣಿ ವಿಭಾಗ" ಅಂತ ದೊಡ್ಡದಾಗಿ ಬರೆದಿತ್ತು. ಅದರ ಕೆಳಗೇ ನಿಂತು ಜನ "ಚೀಟಿ ಎಲ್ಲಿ ಮಾಡಿಸೋದು?" ಅಂತ ಕೇಳುತ್ತಿದ್ದರು. ಅಕ್ಷರ ಚಿಕ್ಕದಾಗಿದೆ, ಬಣ್ಣ ಸರಿಯಿಲ್ಲ ಅಂತೆಲ್ಲ ನಾನು ಪಟ್ಟಿ ಮಾಡುತ್ತಿದ್ದೆ. ಕೌಂಟರಿನಲ್ಲಿದ್ದ ಸಿಸ್ಟರ್ ನನ್ನ ನೋಟ್‌ಬುಕ್ ಇಣುಕಿ ನೋಡಿ, "'ಚೀಟಿ ಇಲ್ಲಿ' ಅಂತ ಬರೀರಿ ಸಾಕು" ಅಂದರು. ಪೋರ್ಟ್‌ಫೋಲಿಯೋದಲ್ಲಿ ನನ್ನ ಹೆಸರಿನಲ್ಲಿರುವ ಒಳ್ಳೆಯ ಐಡಿಯಾ ಅವರದು.

ಇನ್ನು ಪುಸ್ತಕದ ವಿಷಯ. ನನ್ನ ಕೊನೆಯ ಪ್ರಾಜೆಕ್ಟ್ ಕನ್ನಡ ಅಕ್ಷರಗಳದ್ದು ಅಂತ ನಿಮಗೆ ಗೊತ್ತು. ಶೀರ್ಷಿಕೆಗೆ ನಾನೇ ಒಂದು ಫಾಂಟ್ ಬರೆದಿದ್ದೆ. ಕ್ಲಾಸಿನಲ್ಲಿ ಇಂಗ್ಲಿಷ್ ಫಾಂಟ್ ಮಾಡಿದವರು ದೊಡ್ಡದು ಚಿಕ್ಕದು ಸೇರಿ 52 ಅಕ್ಷರ ಬರೆದು ಅಂಕಿಗಳಿಗೆ ಹೋಗಿದ್ದರು. ನಾನಿನ್ನೂ ಕಾಗುಣಿತದಲ್ಲೇ ಇದ್ದೆ. 34 ವ್ಯಂಜನ, ಒಂದೊಂದಕ್ಕೂ ಒಂದು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು. ಜೊತೆಗೆ ಒಂದು ಚಿಕ್ಕ ಪುಸ್ತಕ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದ ಕಾಲದಿಂದ ಶುರುವಾಗಿ ಇವತ್ತಿನ ಮದುವೆ ಕಾರ್ಡಿನವರೆಗೆ. ಮದುವೆ ಕಾರ್ಡಿನ ಪುಟ ನೆನಪಿಟ್ಟುಕೊಳ್ಳಿ.

ಜ್ಯೂರಿಯ ಹಿಂದಿನ ದಿನ ಸಂಜೆ ಆರಕ್ಕೆ ಒಂದು ಪ್ರಿಂಟ್ ಅಂಗಡಿಯವರು ಕೈಗೆ ಪುಸ್ತಕ ಕೊಟ್ಟರು. ತೆರೆದರೆ ಒತ್ತಕ್ಷರಗಳೆಲ್ಲ ಉದುರಿಹೋಗಿದ್ದವು. 'ಪುಸ್ತಕ' ಅನ್ನುವ ಪದದಲ್ಲೇ ಸ ಒಂದು ಕಡೆ, ತ ಒಂದು ಕಡೆ. ಶೀರ್ಷಿಕೆಗಳನ್ನು ಚಿತ್ರವಾಗಿ ಬದಲಿಸಿ ಕೊಟ್ಟಿದ್ದರಿಂದ ಅವು ಉಳಿದಿದ್ದವು. ಒಳಗಿನ ಬರಹ ಪೂರ್ತಿ ಹಾಳು. ಅವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಆ ಜಗಳ ಇಲ್ಲಿ ಬೇಡ. ಕ್ಲಾಸಿನವರ ಲ್ಯಾಪ್‌ಟಾಪ್‌ಗಳೆಲ್ಲ ಅವರವರ ಜ್ಯೂರಿಗೇ ಏದುಸಿರು ಬಿಡುತ್ತಿದ್ದವು. ನನ್ನ ಹತ್ತಿರ ಇದ್ದದ್ದು ಒಂದು ಪೆನ್‌ಡ್ರೈವ್, ಬ್ಯಾಂಡೇಜ್ ಸುತ್ತಿದ ಒಂದು ಕೈ.

ಸುಲ್ತಾನ್‌ಪೇಟೆಗೆ ಹೋದೆ. ಕಾಗದ, ಮದುವೆ ಕಾರ್ಡು, ಪ್ರಿಂಟಿಂಗು ಎಲ್ಲಾ ಅಲ್ಲೇ ತಾನೆ. ಏಳು ಅಂಗಡಿಯಲ್ಲಿ "ನಾಳೆ ಬಾಮ್ಮ" ಅಂದರು. ಮದುವೆ ಸೀಸನ್, ಅವರ ತಪ್ಪೂ ಅಲ್ಲ. ಎಂಟನೆಯದು ಮೊದಲ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು. ಮೇಲೆ ಹತ್ತಲಿಲ್ಲ. ಮೆಟ್ಟಿಲ ಮೇಲೇ ಕೂತೆ. ಇನ್ನು ಸಾಕು, ರಾತ್ರಿ ಟ್ರೇನ್ ಹತ್ತಿ ಊರಿಗೆ ಹೋಗಿಬಿಡೋಣ, ಅಪ್ಪನಿಗೆ ಬೆಳಗ್ಗೆ ಏನಾದರೂ ಹೇಳಿದರಾಯ್ತು ಅನ್ನಿಸಿತು. ಅಳುತ್ತಿದ್ದೆ. ಮೇಲಿಂದ ಚಪ್ಪಲಿ ಹಾಕಿಕೊಂಡು, ಬ್ಯಾಗ್ ಹೆಗಲಿಗೇರಿಸಿ ಒಬ್ಬರು ಇಳಿದು ಬಂದರು. ಮನೆಗೆ ಹೊರಟಿದ್ದರು. ದಾರಿಗೆ ಅಡ್ಡ ಕೂತಿದ್ದೆನಲ್ಲ, ನಿಲ್ಲಲೇಬೇಕಾಯ್ತು.

"ಏನಮ್ಮ, ಕೈ ನೋಯ್ತಿದ್ಯಾ?"

ಪುಸ್ತಕ ತೋರಿಸಿದೆ. ಮೆಟ್ಟಿಲ ಲೈಟಿನಲ್ಲೇ ಎರಡು ಪುಟ ತಿರುಗಿಸಿದರು. "ಅಯ್ಯೋ, ಅಕ್ಷರ ಎಲ್ಲಾ ಉದುರೋಗಿದೆ. ಬಾ ಮೇಲೆ" ಅಂದರು. ಮೇಲೆ ಹೋಗಿ ಮೊದಲು ಮನೆಗೆ ಫೋನ್ ಮಾಡಿದರು: "ಇವತ್ತು ಬರಕ್ಕಾಗಲ್ಲ. ಒಬ್ಬಳೇ ಹುಡುಗಿ ಇದಾಳೆ. ಸಾರು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಳ್ಳಿ." ಮಾಲೀಕರು ಕೀಗೊಂಚಲು ಅವರ ಕೈಗೆ ಕೊಟ್ಟು ಹೋದರು.

ಹೆಸರು ಹಾಕಬೇಡ ಅಂದಿದ್ದಾರೆ. ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ. 22 ವರ್ಷದಿಂದ ಅಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ, ಮಾಡುತ್ತಿದ್ದಾರೆ. ಅವರ ಕಂಪ್ಯೂಟರ್‌ನಲ್ಲಿದ್ದ ವಿನ್ಯಾಸದ ಸಾಫ್ಟ್‌ವೇರ್ ತುಂಬ ಹಳೆಯ ಕೋರೆಲ್. ಈಗ ಫೋನಿನಲ್ಲೆಲ್ಲ ಬಳಸುವ ಯೂನಿಕೋಡ್ ಕನ್ನಡ ಹಾಕಿದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ಹಳೆಯ ಫಾಂಟಿಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ ನೋಡಿದೆವು. ಅರ್ಕಾವತ್ತು ಇದ್ದ ಕಡೆಯೆಲ್ಲ ಕೆಟ್ಟು ಬಂತು. ಅಕ್ಕ ಒಂದು ನಿಮಿಷ ನೋಡಿ, "ತಿದ್ದೋದಕ್ಕಿಂತ ಟೈಪ್ ಮಾಡೋದೇ ಬೇಗ" ಅಂದರು. 22 ಪುಟ ಬರಹ. ನುಡಿ 01 ಇ ಫಾಂಟ್ ಹಾಕಿಕೊಂಡು ಶುರು ಮಾಡೇಬಿಟ್ಟರು.

ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿದ್ದ ಬರಹ ಓದುವುದು, ಅವರು ಹೊಡೆಯುವುದು. ಅವರ ಕೀಬೋರ್ಡ್‌ನಲ್ಲಿ ಎಫ್ ಕೀ ಮೇಲೆ ಅಕ್ಷರವೇ ಇರಲಿಲ್ಲ. ಸವೆದು ನುಣ್ಣಗೆ ಹೊಳೆಯುತ್ತಿತ್ತು, ಬೆರಳು ಕೂರುವಷ್ಟು ಹಳ್ಳ ಬೇರೆ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. 'ಅಕ್ಕ' ಅಂತ ಬರೆಯಲು ಎ, ಕೆ, ಎಫ್, ಕೆ. ನಾಲ್ಕು ವರ್ಷ ಒತ್ತಕ್ಷರದ ಬಗ್ಗೆ ಓದಿದ್ದೆ, ಬರೆದಿದ್ದೆ, ಪ್ರೆಸೆಂಟೇಷನ್ ಕೊಟ್ಟಿದ್ದೆ. ಒತ್ತಕ್ಷರ ಒಂದು ಪ್ಲಾಸ್ಟಿಕ್ಕನ್ನು ಹೀಗೆ ಸವೆಸಿದ್ದನ್ನು ಅವತ್ತೇ ನೋಡಿದ್ದು.

ಹನ್ನೊಂದು ಗಂಟೆಗೆ ಸಾಲುಗಳ ನಡುವಿನ ಜಾಗಕ್ಕೆ ಜಗಳ. ನಾನು 10 ಪಾಯಿಂಟ್ ಅಕ್ಷರಕ್ಕೆ 12 ಕೊಟ್ಟಿದ್ದೆ. ಇಂಗ್ಲಿಷ್ ಪುಸ್ತಕಗಳನ್ನು ನೋಡಿ ಬಂದ ಅಭ್ಯಾಸ. "ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತಿದೆ ನೋಡು" ಅಂದು 16 ಮಾಡಿದರು. ಪುಟ ಉಸಿರಾಡಿತು. ಆಮೇಲೆ ಪುಟ ಎಣಿಸಿದರು. 46. "ಹಾಳೆ ಮಡಿಚಿ ಮಧ್ಯಕ್ಕೆ ಸೆಂಟರ್ ಪಿನ್ ಹೊಡೆಯಕ್ಕೆ ನಾಲ್ಕರ ಲೆಕ್ಕ ಬರಬೇಕಮ್ಮ. 44 ಮಾಡು, ಇಲ್ಲ 48 ಮಾಡು. ಕಾಲೇಜಲ್ಲಿ ಹೇಳ್ಕೊಡಲ್ವಾ?" ಹೇಳಿಕೊಟ್ಟಿದ್ದರು. ನಾನೇ ಮರೆತಿದ್ದೆ. ಎರಡು ಖಾಲಿ ಪುಟ ಸೇರಿಸಿದೆವು. (ಜ್ಯೂರಿಯಲ್ಲಿ ಒಬ್ಬರು ಆ ಖಾಲಿ ಪುಟಗಳನ್ನು ತುಂಬಾ ಮೆಚ್ಚಿದರು. ನಾನು ತಲೆಯಾಡಿಸಿದೆ.)

ಎರಡು ಗಂಟೆ ಹೊತ್ತಿಗೆ 31ನೇ ಪುಟ ಬಂತು.

ಅದು ಮದುವೆ ಕಾರ್ಡಿನ ಪುಟ. ಎರಡನೇ ವರ್ಷದಲ್ಲಿ 'ಕೆಟ್ಟ ವಿನ್ಯಾಸಕ್ಕೆ ಉದಾಹರಣೆ' ಅಂತ ಮಾಡಿದ್ದನ್ನೇ ಎತ್ತಿ ಹಾಕಿದ್ದೆ. ಒಂದು ಕಾರ್ಡಿನ ಫೋಟೋ, ವಧು-ವರರ ಹೆಸರು ಮಾತ್ರ ಮುಚ್ಚಿದ್ದೆ. ಪಕ್ಕದಲ್ಲಿ ನನ್ನ ಟೀಕೆ: ಐದು ಫಾಂಟ್, ಬಂಗಾರದ ಗಣೇಶ, ಎಲ್ಲವೂ ದಪ್ಪಕ್ಷರ, ಇವುಗಳನ್ನು ಮಾಡುವವರಿಗೆ ಅಭಿರುಚಿ ಇಲ್ಲ. ಇದನ್ನು ನಾನು ಜೋರಾಗಿ ಓದಬೇಕಿತ್ತು. 22 ವರ್ಷ ಮದುವೆ ಕಾರ್ಡ್ ಮಾಡಿದವರಿಗೆ. ಅವರು ಊಟ ಬಿಟ್ಟು ನನ್ನ ಪುಸ್ತಕ ಟೈಪ್ ಮಾಡುತ್ತಿದ್ದಾಗ.

ಬಾಯಿ ಬರಲಿಲ್ಲ. ಫೋನ್ ಅವರ ಮುಂದೆ ಇಟ್ಟೆ. ಅವರು ನೋಡಿಕೊಂಡು ಹೊಡೆಯುತ್ತಾ ಹೋದರು, ಮುಖದಲ್ಲಿ ಏನೂ ಇಲ್ಲ. ಕೊನೆಯ ಸಾಲಿಗೆ ಮಾತ್ರ ನಿಂತರು. "ಅಭಿರುಚಿಗೆ ಮಹಾಪ್ರಾಣ ಬರತ್ತಮ್ಮ. ನೀನು ಬ ಹಾಕಿದೀಯ." ತಿದ್ದಿ ಮುಂದಕ್ಕೆ ಹೋದರು.

ಇಷ್ಟೇ ಆಗಿದ್ದರೂ ನಾನು ಇದನ್ನು ಬರೆಯುತ್ತಿದ್ದೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ಫೋಟೋವನ್ನು ಪುಟಕ್ಕೆ ಕೂರಿಸುತ್ತಾ ಅವರು ಅದನ್ನು ದೊಡ್ಡದು ಮಾಡಿ ನೋಡಿದರು. "ಈ ಸೋದರಮಾವನ ಹೆಸರು ನೋಡು, ಇದೊಂದು ಬೇರೆ ಫಾಂಟು. ಆಮೇಲೆ ಸೇರಿಸಿದಾರೆ. ಪ್ರೂಫ್‌ನಲ್ಲಿ ಬಿಟ್ಟುಹೋಗಿರತ್ತೆ. ಮನೇಲಿ ಏನೋ ಆಗಿರತ್ತೆ ಪಾಪ."

ಆಗಿತ್ತು. ಅದು ನನ್ನ ಅಣ್ಣನ ಮದುವೆ ಕಾರ್ಡು.

ಯಾರಿಗೂ ಹೇಳಿರಲಿಲ್ಲ ಇದನ್ನು. ನಿಮಗೆ ಯಾರಿಗೂ ಆ ಕಾರ್ಡ್ ಕೊಟ್ಟೂ ಇರಲಿಲ್ಲ, ನೆನಪಿದೆಯಾ? ನಾನೇ ಇಂಗ್ಲಿಷಿನಲ್ಲಿ ಒಂದು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಬಿಳಿ ಹಿನ್ನೆಲೆ, ಒಂದು ಎಲೆ, ತೆಳ್ಳನೆ ಅಕ್ಷರ. ಎಲ್ಲರೂ ಚೆನ್ನಾಗಿದೆ ಅಂದಿರಿ. ಊರಿನಲ್ಲಿ ಅಮ್ಮ ಎರಡು ದಿನ ಅತ್ತಿದ್ದರು. ಮೊದಲ ಪ್ರೂಫ್‌ನಲ್ಲಿ ಮಾವನ ಹೆಸರು ಬಿಟ್ಟುಹೋಗಿ, ಮಾವ ಮದುವೆಗೇ ಬರಲ್ಲ ಅಂದಿದ್ದರು. ಅಪ್ಪ ರಾತ್ರೋರಾತ್ರಿ ಪ್ರೆಸ್ಸಿಗೆ ಓಡಿ ಸೇರಿಸಿ ಬಂದಿದ್ದರು. ಆ ಕಾರ್ಡನ್ನು ನಾನು ನೂರು ಸಲ ನೋಡಿದ್ದೇನೆ, ಸ್ಕ್ಯಾನ್ ಮಾಡಿದ್ದೇನೆ, ಬಾಣದ ಗುರುತು ಹಾಕಿದ್ದೇನೆ. ಫಾಂಟ್ ಬೇರೆ ಅಂತ ಕಂಡಿತ್ತು. ಅಮ್ಮ ಕಂಡಿರಲಿಲ್ಲ.

ಮತ್ತೆ ಅಳು ಬಂತು. ಅಕ್ಕ ಟಿಫಿನ್ ಡಬ್ಬಿ ತೆಗೆದರು. ಮಧ್ಯಾಹ್ನದ ಚಿತ್ರಾನ್ನ ಅರ್ಧ ಉಳಿದಿತ್ತು. ಮುಚ್ಚಳದಲ್ಲಿ ನನಗೆ ಹಾಕಿಕೊಟ್ಟರು. ತಿನ್ನುತ್ತಾ ಹೇಳಿದರು: ಮೇಲೆ ಮನೆದೇವರು 'ಪ್ರಸನ್ನ' ಆಗಲೇಬೇಕು. ಹುಡುಗನ ಕಡೆಯವರ ಸಾಲು ಹುಡುಗಿ ಕಡೆಯವರ ಸಾಲಿಗಿಂತ ಒಂದು ಕೂದಲು ದಪ್ಪ ಆದರೂ ಫೋನ್ ಬರುತ್ತದೆ. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಯಾರ ಕೆಳಗೆ ಯಾರು ಅಂತ ಕೌಂಟರಿನಲ್ಲೇ ಕಿತ್ತಾಡುತ್ತಾರೆ. "ನೀನು ಏನೋ ಹೇಳ್ತೀಯಲ್ಲ, ಹೈರಾರ್ಕಿ. ಅದನ್ನೇ ನಾನು ದಿನಾ ಮಾಡೋದು. ನಿಂದು ಓದೋರಿಗೆ. ನಮ್ದು ಮುನಿಸ್ಕೊಳ್ಳೋರಿಗೆ."

ಪುಟ ತೆಗೆದುಬಿಡಿ ಅಂದೆ. "ತೆಗೆದರೆ 47 ಆಗತ್ತೆ. ಇನ್ನೂ ಎಷ್ಟು ಖಾಲಿ ಬಿಡ್ತೀಯ?" ಅಂದರು. ಹಾಗಾಗಿ ಫೋಟೋ ಉಳಿಯಿತು, ಟೀಕೆ ಹೋಯಿತು. ಅದರ ಜಾಗದಲ್ಲಿ ಮಾವನ ಹೆಸರಿನ ಬಗ್ಗೆ ಆರು ಸಾಲು ಹೇಳಿದೆ, ಅವರು ಹೊಡೆದರು. ಜ್ಯೂರಿಯಲ್ಲಿ ಜಾಸ್ತಿ ಪ್ರಶ್ನೆ ಬಂದದ್ದು ಆ ಪುಟಕ್ಕೇ. ಸ್ಟುಡಿಯೋದವರೂ ಸಂದರ್ಶನದಲ್ಲಿ ಅದನ್ನೇ ತೆರೆದಿಟ್ಟುಕೊಂಡು ಮಾತಾಡಿದರು. ಮಹಾಪ್ರಾಣ ತಿದ್ದಿಸಿಕೊಂಡ ಆ ಸಾಲು ಮಾತ್ರ ಎಲ್ಲೂ ಅಚ್ಚಾಗಲಿಲ್ಲ.

ನಾಲ್ಕೂವರೆಗೆ ಟೈಪಿಂಗ್ ಮುಗಿಯಿತು. ಮಷೀನ್ ಹುಡುಗ ಆರಕ್ಕೆ ಬರುತ್ತಾನೆ ಅಂದು ಅಕ್ಕ ನನ್ನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಕೆ.ಆರ್. ಮಾರ್ಕೆಟ್ ಆಗಲೇ ಎದ್ದಿತ್ತು. ಸೇವಂತಿಗೆ ಮೂಟೆಗಳು ಇಳಿಯುತ್ತಿದ್ದವು. ನಿಂತುಕೊಂಡೇ ಟೀ ಕುಡಿದೆವು. ಅಕ್ಕ ಒಂದು ಮೊಳ ಮಲ್ಲಿಗೆ ಕೊಂಡು, ಅರ್ಧ ಹರಿದು, ಒಂದು ಕೈಯಲ್ಲಿ ನನಗೆ ಮುಡಿದುಕೊಳ್ಳಲು ಆಗಲ್ಲ ಅಂತ ತಾವೇ ಮುಡಿಸಿದರು. ಏಳೂವರೆಗೆ ಪುಸ್ತಕ ಬಿಸಿಬಿಸಿಯಾಗಿ ಕೈಯಲ್ಲಿತ್ತು. ಟೈಪಿಂಗ್‌ಗೆ ಎಷ್ಟು ಅಂದೆ. ಪುಟಕ್ಕೆ ಇಷ್ಟು ಅಂತ ಮಾಮೂಲಿ ರೇಟ್ ಹೇಳಿ, ಬಿಲ್ ಬರೆದು, ಸರಿಯಾಗಿ ಎಣಿಸಿ ತೆಗೆದುಕೊಂಡರು. ಅದೂ ನನಗೆ ಇಷ್ಟವಾಯಿತು.

ಮೊನ್ನೆ ಶನಿವಾರ ಒಂದು ಪ್ರತಿ ಕೊಡಲು ಹೋಗಿದ್ದೆ. ಮಾವನ ಪುಟ ತೆರೆದು, ಸಾಲುಗಳ ನಡುವೆ ಬೆರಳಾಡಿಸಿ, "ಒತ್ತೆಲ್ಲ ಕೂತಿದೆ" ಅಂದರು. ಆಮೇಲೆ ಗೋಡೆಯ ರ‍್ಯಾಕ್‌ನಲ್ಲಿ ಮದುವೆ ಕಾರ್ಡುಗಳ ಮಾದರಿಗಳ ನಡುವೆ ನಿಲ್ಲಿಸಿದರು. ನಾನು ಟೀ ಮುಗಿಸುವಷ್ಟರಲ್ಲಿ ಕಾರ್ಡ್ ನೋಡಲು ಬಂದ ಒಬ್ಬರು ಅದನ್ನೂ ಎತ್ತಿಕೊಂಡು, ಮುಂದೆ ಹಿಂದೆ ತಿರುಗಿಸಿ, "ಈ ಮಾಡೆಲ್ ನೂರಕ್ಕೆ ಎಷ್ಟಾಗತ್ತೆ?" ಅಂದರು.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡರು.