ಭಾನುವಾರದ ಮಾತುಕತೆ: ಇರ್ವಿಂಗ್ ಗಾಟ್ಸ್‌ಮನ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಈ ಸಲ ಅಮೆರಿಕದ ಮನಶ್ಶಾಸ್ತ್ರಜ್ಞ ಗಾಟ್ಸ್‌ಮನ್ (1930–2016) ಬಗ್ಗೆ.

ಲಂಡನ್ನಿನಲ್ಲಿ ಸಂಶೋಧಕ ಜೇಮ್ಸ್ ಶೀಲ್ಡ್ಸ್ ಜೊತೆ ಅವಳಿಗಳ ಅಧ್ಯಯನ ಮಾಡಿದವರು. ಸ್ಕಿಜೋಫ್ರೇನಿಯಾಕ್ಕೆ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಒಂದೇ ಜೀನ್ ಕಾರಣವಲ್ಲ, ಹಲವು ಜೀನುಗಳ ಸಣ್ಣ ಸಣ್ಣ ಪಾಲು ಸೇರಿ ಮಿತಿ ದಾಟಿದಾಗ ಕಾಯಿಲೆ ಕಾಣಿಸುತ್ತದೆ ಎಂದು 1967ರಲ್ಲೇ ಇಬ್ಬರೂ ವಾದಿಸಿದ್ದರು. ಆಗ ಡಿಎನ್‌ಎ ಓದುವ ಯಂತ್ರವೇ ಇರಲಿಲ್ಲ ಮಾರಾಯ್ರೇ! 2014ರಲ್ಲಿ ದೊಡ್ಡ ಅಧ್ಯಯನವೊಂದು ಈ ಕಾಯಿಲೆಗೆ ನಂಟಿರುವ, ಜೀನೋಮಿನ (ನಮ್ಮ ಇಡೀ ಡಿಎನ್‌ಎಯ) 108 ಜಾಗಗಳನ್ನು ಗುರುತಿಸಿದಾಗ ಅವರಿನ್ನೂ ಇದ್ದರು.

ನನಗೆ ಹಿಡಿಸಿದ್ದು 1989ರ ಡೆನ್ಮಾರ್ಕ್ ಕೆಲಸ: ಒಬ್ಬರಿಗೆ ಮಾತ್ರ ಕಾಯಿಲೆ ಬಂದ ತದ್ರೂಪಿ ಅವಳಿ ಜೋಡಿಗಳಲ್ಲಿ, ಕಾಯಿಲೆ ಬಾರದವರ ಮಕ್ಕಳಿಗೂ, ಬಂದವರ ಮಕ್ಕಳಿಗೂ ಅಪಾಯ ಹೆಚ್ಚುಕಡಿಮೆ ಒಂದೇ. ಇದನ್ನೇ ಹೆಚ್ಚು ಚರ್ಚಿಸೋಣ.

ಮನೆಯವರ ಕಾಯಿಲೆ, ಹೆಸರು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ. ಬರುವವರು ಶನಿವಾರದೊಳಗೆ ತಿಳಿಸಿ.