ನೃತ್ಯ ಶಾಲೆ ಬಿಡುವ ಮುನ್ನಿನ ಆರೆಂಟು ವಾರಗಳು

ಸಂಪಾದಕರೇ,

ನೃತ್ಯ ಶಾಲೆಯ ಶಿಕ್ಷಕರೊಬ್ಬರು ಹೊರಬಂದು ಸ್ವಂತ ತರಗತಿ ತೆರೆದರೆ ಸಾಕು, ‘ಗುರುದ್ರೋಹ’ ಎಂಬ ಮಾತು ಎದ್ದುಬಿಡುತ್ತದೆ. ವಿದ್ಯೆ ಕಲಿಸಿದವರೂ ಸಂಬಳ ಕೊಟ್ಟವರೂ ಎಷ್ಟೋ ಕಡೆ ಒಬ್ಬರೇ ಆಗಿರುವುದರಿಂದ ಈ ಗೊಂದಲ. ಗುರುವಿಗೆ ನಮಸ್ಕಾರ ಸಲ್ಲಲಿ, ಆದರೆ ಮಾಲೀಕರಿಗೆ ಸಲ್ಲಬೇಕಾದದ್ದು ನೋಟಿಸ್ ಅವಧಿ.

ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನಿಂದಾಗಿ, ‘ಬಿಟ್ಟ ಮೇಲೆ ಎರಡು ವರ್ಷ ಎಲ್ಲೂ ಕಲಿಸುವಂತಿಲ್ಲ’ ಎಂದು ಬರೆಸಿಕೊಂಡರೂ ಅದು ಊರ್ಜಿತವಾಗುವುದಿಲ್ಲ. ಕೆಲಸದಲ್ಲಿರುವಷ್ಟು ದಿನ ಬೇರೆಡೆ ಕಲಿಸಬಾರದು ಎಂಬ ಷರತ್ತಿನ ಮಾತು ಬೇರೆ. ಬ್ರಿಟನ್ನಿನಲ್ಲಾದರೆ ಅವಧಿ, ವ್ಯಾಪ್ತಿ ಮಿತವಾಗಿದ್ದಾಗ ನಿರ್ಬಂಧವನ್ನು ಕೋರ್ಟು ಒಪ್ಪುವುದುಂಟು.

ಶಾಲೆಗೆ ನಿಜವಾದ ಪೆಟ್ಟು ಬೀಳುವುದು ಬಿಡುವ ಮುನ್ನಿನ ವಾರಗಳಲ್ಲಿ. ವಾಟ್ಸ್‌ಆ್ಯಪ್ ಗುಂಪಿನಿಂದ ಪೋಷಕರ ನಂಬರು ಇಳಿಸಿಕೊಳ್ಳುವುದು, ತರಗತಿ ಮುಗಿದ ಮೇಲೆ ಬಾಗಿಲ ಬಳಿ ‘ಮುಂದಿನ ತಿಂಗಳು ಅಲ್ಲಿಗೇ ಬನ್ನಿ’ ಎಂದು ಪಿಸುಗುಡುವುದು, ಹಳೇ ಶಾಲೆಯ ಪ್ರದರ್ಶನದಲ್ಲಿ ಮಕ್ಕಳು ಕುಣಿದ ಫೋಟೊಗಳನ್ನು ಹೊಸ ಜಾಹೀರಾತಿಗೆ ಹಾಕುವುದು: ತಪ್ಪು ಇಲ್ಲಿದೆ. ಪ್ರದರ್ಶನ ಹತ್ತಿರವಿದ್ದರಂತೂ ಕಥೆ ಮುಗಿಯಿತು. ಹನ್ನೆರಡು ಮಕ್ಕಳ ಗುಂಪಿನಿಂದ ಐವರು ಟೀಚರ ಹಿಂದೆ ಹೋದರೆ ಉಳಿದ ಏಳು ಮಂದಿಗೆ ಜೋಡಿಗಳು ಸರಿಹೊಂದುವುದಿಲ್ಲ, ಮಧ್ಯದ ಜಾಗ ಖಾಲಿ, ಒಂದನ್ನೊಂದು ದಾಟುವ ಸಾಲುಗಳು ಲೆಕ್ಕ ತಪ್ಪಿ ಡಿಕ್ಕಿ ಹೊಡೆಯುತ್ತವೆ. ಕತ್ತರಿಸಿ ಜೋಡಿಸಿದ ಹಾಡಿನ ಫೈಲು ಹೋದವರ ಲ್ಯಾಪ್‌ಟಾಪಿನಲ್ಲೇ ಉಳಿದಿರುತ್ತದೆ. ಅದರ ಪ್ರತಿಯನ್ನೂ, ಯಾವ ಎಣಿಕೆಗೆ ಯಾರು ಎಲ್ಲಿ ನಿಲ್ಲಬೇಕೆಂಬ ಪುಸ್ತಕವನ್ನೂ ಶಾಲೆ ಮೊದಲಿಂದಲೇ ಇಟ್ಟುಕೊಂಡಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹೆಜ್ಜೆ ಯಾರ ಸ್ವತ್ತೂ ಅಲ್ಲ. ಆದರೆ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾದ ನೃತ್ಯ ಸಂಯೋಜನೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರಕ್ಷಣೆಯಿದೆ. ಸಂಬಳದ ನೌಕರರಾಗಿ ಕೆಲಸದ ಭಾಗವಾಗಿ ಕಟ್ಟಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಶಾಲೆಯದು. ತರಗತಿಗಿಷ್ಟೆಂದು ಹಣ ಪಡೆದು ಸ್ವತಂತ್ರವಾಗಿ ಕಲಿಸುವವರು ಕಟ್ಟಿದ್ದರ ಹಕ್ಕು ಸಾಮಾನ್ಯವಾಗಿ ಅವರದೇ. ಇದನ್ನು ಸೇರುವ ದಿನವೇ ಒಂದು ಸಾಲಿನಲ್ಲಿ ಬರೆದಿಟ್ಟರೆ ಆಯಿತು. ಬರೆಯುವವರು ವಿರಳ.

ಬಿಡುವವರು ಪ್ರದರ್ಶನವನ್ನೋ ಪರೀಕ್ಷೆಯನ್ನೋ ಮುಗಿಸಿಕೊಟ್ಟು ಹೊರಡಲಿ. ಕನಿಷ್ಠ ಎರಡು ತಿಂಗಳು ಮೊದಲು ಲಿಖಿತವಾಗಿ ತಿಳಿಸಿ, ಕೊನೆಯ ನಾಲ್ಕು ತರಗತಿಗಳನ್ನು ಹೊಸ ಶಿಕ್ಷಕರ ಜೊತೆಗೇ ನಡೆಸಲಿ. ಹೊರಬಿದ್ದ ಮೇಲೆ ಪೋಷಕರು ತಾವಾಗಿ ಹುಡುಕಿಕೊಂಡು ಬಂದರೆ ಸೇರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮಕ್ಕಳು ಯಾರ ಆಸ್ತಿಯೂ ಅಲ್ಲ.

ಮಾಲೀಕರೂ ಕೈ ತೊಳೆದುಕೊಳ್ಳುವಂತಿಲ್ಲ. ಹತ್ತು ವರ್ಷ ದುಡಿದವರ ಹೆಸರನ್ನು ಕರಪತ್ರದಲ್ಲಿ ಹಾಕದೆ, ರಜೆಯ ತಿಂಗಳ ಸಂಬಳ ಹಿಡಿದುಕೊಂಡು, ಹೊರಟಾಗ ಮಾತ್ರ ನಿಷ್ಠೆಯ ಲೆಕ್ಕ ಕೇಳುತ್ತಾರೆ. ಹೋದ ಮಕ್ಕಳ ಪ್ರಮಾಣಪತ್ರ ತಡೆಹಿಡಿಯುವುದು, ಮುಂಗಡ ಕಟ್ಟಿದ ಶುಲ್ಕದಲ್ಲಿ ಬಾಕಿ ತರಗತಿಗಳ ಹಣ ಹಿಂದಿರುಗಿಸದಿರುವುದು ಸೇಡು ಬಿಟ್ಟರೆ ಮತ್ತೇನಲ್ಲ. ಟೀಚರ್ ಎಲ್ಲಿ ಎಂದು ಪೋಷಕರು ಕೇಳಿದಾಗ ‘ಹುಷಾರಿಲ್ಲ’ ಎಂದು ಹಾರಿಕೆಯ ಉತ್ತರ ಕೊಟ್ಟರೆ, ಹೊಸ ತರಗತಿಯ ಬೋರ್ಡು ಕಂಡ ದಿನ ಉಳಿದ ಮಕ್ಕಳೂ ಹೊರಡುತ್ತಾರೆ.

– ನೃತ್ಯ ಶಿಕ್ಷಕರು