ಅಂಕಿಯ ಜೊತೆ ಅನಿಶ್ಚಿತತೆಯನ್ನೂ ಮುದ್ರಿಸಿ

ಮಾನ್ಯರೇ,

ಗೆಲಾಕ್ಸಿ ಗುಚ್ಛಗಳ ಕಾಂತಕ್ಷೇತ್ರವನ್ನು ಕುರಿತು ತಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹವನ್ನು ಓದಿದೆ. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪ. ಆದರೆ ಕೋಮಾ ಎಂಬ ಗೆಲಾಕ್ಸಿ ಗುಚ್ಛದ ಕ್ಷೇತ್ರ ‘ಐದು ಮೈಕ್ರೋಗಾಸ್’ (ಗಾಸ್ ಎಂಬುದು ಕಾಂತಕ್ಷೇತ್ರದ ಅಳತೆ; ಮೈಕ್ರೋಗಾಸ್ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು) ಎಂದು, ಅಂಗಡಿಯಲ್ಲಿ ಬಟ್ಟೆ ಅಳೆದುಕೊಟ್ಟಷ್ಟು ಖಚಿತವಾಗಿ ಬರೆದಿರುವುದು ಸರಿಯಲ್ಲ.

ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಆ ಗುಚ್ಛಕ್ಕೆ ಯಾರೂ ಮಾಪಕ ಒಯ್ದಿಲ್ಲ. ಗುಚ್ಛದ ಆಚೆ ಇರುವ ರೇಡಿಯೊ ಆಕರಗಳಿಂದ ಹೊರಟ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಅಲೆಗಳು ಗುಚ್ಛದ ಬಿಸಿ ಅನಿಲವನ್ನು ಹಾಯುವಾಗ ಅವುಗಳ ಕಂಪನದ ದಿಕ್ಕು ಎಷ್ಟು ತಿರುಗಿತು ಎಂಬುದನ್ನು ಹಲವು ತರಂಗಾಂತರಗಳಲ್ಲಿ ನೋಡಿ, ಅದರಿಂದ ಕ್ಷೇತ್ರವನ್ನು ಊಹಿಸುತ್ತಾರೆ. ಈ ಫ್ಯಾರಡೆ ತಿರುವು ಎಲೆಕ್ಟ್ರಾನ್ ಸಾಂದ್ರತೆ ಮತ್ತು ನಮ್ಮ ದೃಷ್ಟಿರೇಖೆಯ ಗುಂಟ ಇರುವ ಕ್ಷೇತ್ರ, ಇವೆರಡರ ಗುಣಲಬ್ಧದ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಸಾಂದ್ರತೆಯನ್ನು ಎಕ್ಸ್-ಕಿರಣಗಳಿಂದ ಬೇರೆಯಾಗಿ ಅಂದಾಜಿಸಬೇಕು. ದಾರಿಯಲ್ಲಿ ಕ್ಷೇತ್ರ ಹಿಂದುಮುಂದಾದರೆ ತಿರುವುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಎಷ್ಟು ದೂರಕ್ಕೊಮ್ಮೆ ಹಾಗಾಗುತ್ತದೆ ಎಂಬ ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ನಮ್ಮ ಕ್ಷೀರಪಥದ ಪಾಲನ್ನೂ ಕಳೆಯಬೇಕು.

ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಭೂಮಿಯ ಕ್ಷೇತ್ರವನ್ನು ಅಳೆಯುವಾಗಲೇ ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನ ಮುಳ್ಳು ಪಕ್ಕದ ಕಬ್ಬಿಣದ ಸ್ಟೂಲಿನತ್ತ ವಾಲುತ್ತದೆ. ಸ್ಟೂಲು ಸರಿಸಿ, ಮುಳ್ಳು ನಿಂತ ಮೇಲೆ ಮತ್ತೆ ರೀಡಿಂಗ್ ತೆಗೆಯುತ್ತೇವೆ. ಗುಚ್ಛದ ಕ್ಷೇತ್ರವಾದರೋ ಇದಕ್ಕಿಂತ ಹೆಚ್ಚುಕಡಿಮೆ ಲಕ್ಷಪಟ್ಟು ದುರ್ಬಲ, ಅಲ್ಲಿ ಸರಿಸಲು ಸ್ಟೂಲೂ ಇಲ್ಲ.

ರೇಡಿಯೊ ಹೊಳಪಿನಿಂದ ಕ್ಷೇತ್ರವನ್ನು ಲೆಕ್ಕಹಾಕುವ ಇನ್ನೊಂದು ವಿಧಾನವು ಕಣಗಳ ಶಕ್ತಿ ಮತ್ತು ಕಾಂತಶಕ್ತಿ ಸರಿಸುಮಾರು ಸಮವೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಆದ್ದರಿಂದ ಮುಂದೆ ಇಂಥ ಅಂಕಿಯನ್ನು ಮುದ್ರಿಸುವಾಗ ವಿಧಾನ ಯಾವುದು, ವ್ಯಾಪ್ತಿ ಎಷ್ಟರಿಂದ ಎಷ್ಟು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

– ಭೌತವಿಜ್ಞಾನ ಉಪನ್ಯಾಸಕ, ಕಲಬುರಗಿ